ಮುಚ್ಚಳ

ಬಿ.ಬಿ. ರಸ್ತೆಯ ಕಲ್ಯಾಣ ಮಂಟಪದಲ್ಲಿ
ಮೂರು ದಿನದ ತರಬೇತಿ.
ಹಿಂದಿನ ದಿನದ ಮದುವೆಯ ಥರ್ಮಾಕೋಲ್ ಅಕ್ಷರ
ಅರ್ಧ ಕಿತ್ತು, ಅರ್ಧ ಹಾಗೇ:
ವಧುವಿನ ಹೆಸರು ಹೋಗಿದೆ, ವರನದು ಉಳಿದಿದೆ.
ಅದರ ಕೆಳಗೆ ನಮ್ಮ ಬ್ಯಾನರು,
'ಸುಸ್ಥಿರ ಗಣಿಗಾರಿಕೆ ಮತ್ತು ಪರಿಸರ ನಿರ್ವಹಣೆ'.
ಕ್ವಾರಿ ಮ್ಯಾನೇಜರು, ಮೇಸ್ತ್ರಿ, ಕ್ರಷರಿನ ಲೆಕ್ಕದವರು,
ಸಿಡಿಮದ್ದಿನ ಪರವಾನಗಿ ಇರುವ ನನ್ನಂಥವರು ಐದಾರು.
ಎಲ್ಲರಿಗೂ ಒಂದು ಪ್ಯಾಡು, ಒಂದು ಪೆನ್ನು,
ಹನ್ನೊಂದಕ್ಕೆ ಗೋಡಂಬಿ ಬಿಸ್ಕತ್ತು.

ಮೇಡಮ್ಮನ ಹೆಸರು ಆರೋಗ್ಯಮೇರಿ.
ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಲೈನ್ ಮನೆಯಲ್ಲಿ.
"ಅಪ್ಪ ಕೆಳಗಿಳಿಯುತ್ತಿದ್ದರು,
ಕೊನೆಗೆ ಮೆಟ್ಟಿಲು ಹತ್ತಲೂ ಉಸಿರಿರಲಿಲ್ಲ" ಅಂದರು.
ಅಷ್ಟೇ. ಆಮೇಲೆ ಧೂಳಿನ ಲೆಕ್ಕಕ್ಕೆ ಹೋದರು.

ಧೂಳಿಗೂ ತೂಕವಿದೆಯಂತೆ.
ನಡುಕಕ್ಕೂ ಅಳತೆ, ಸೆಕೆಂಡಿಗೆ ಇಷ್ಟು ಮಿಲಿಮೀಟರು.
ಬರೆದುಕೊಂಡೆ.
ಇಪ್ಪತ್ತೆರಡು ವರ್ಷ ನೆಲ ನಡುಗಿಸಿದವನು,
ನಡುಕವನ್ನು ಬರೆದುಕೊಂಡದ್ದು ಅವತ್ತೇ ಮೊದಲು.

ನಮ್ಮ ತಾತ ತಿಮ್ಮೋಬಯ್ಯ, ಉಳಿ ಸುತ್ತಿಗೆಯ ಕಾಲದವನು,
ಬಂಡೆಗೆ ಮೊದಲು ಕಿವಿ ಇಡುತ್ತಿದ್ದ.
"ಏಮ್ರಾ, ಲೇಸ್ತಾವಾ?" ಎಂದು ಕೇಳುತ್ತಿದ್ದ,
ಮಲಗಿದ ಎತ್ತನ್ನು ಕೇಳುವ ಹಾಗೆ.
ಯಾವ ಮಗ್ಗುಲಿಗೆ ಏಳುತ್ತದೆಂದು ಬಂಡೆಯೇ ಹೇಳುತ್ತಿತ್ತಂತೆ.
ನನಗೆಲ್ಲಿ ಪುರುಸೊತ್ತು?
ತೂತು ನಲವತ್ತು, ಮದ್ದು, ಕೇಪು, ವೈರು, ಸೈರನ್ನು.
ಟಿಪ್ಪರುಗಳು ಸಾಲಾಗಿ ಹಾರನ್ನು ಒತ್ತುತ್ತಿರುತ್ತವೆ.

ಎರಡನೆಯ ದಿನ 'ಕ್ಷೇತ್ರ ಭೇಟಿ'.
ಹೆಲ್ಮೆಟ್ಟು ಹಾಕಿಕೊಂಡೇ ಬಸ್ಸು ಹತ್ತಿದೆವು.
ಬಸ್ಸು ನಮ್ಮ ಕ್ವಾರಿಯ ಗೇಟು ದಾಟಿ ಮುಂದೆ ಹೋಯಿತು,
ಗುಂಡ್ಲಪಲ್ಲಿಯೊಳಕ್ಕೆ, ನಾರೆಮ್ಮನ ಮನೆಯವರೆಗೆ.
"ಆರಾರು ಜನ ಒಳಗೆ ಹೋಗಿ. ಏನೂ ಕೇಳಬೇಡಿ.
ಸುಮ್ಮನೆ ನಿಂತಿರಿ."

ಒಂದು ಗಂಟೆಗೆ ಇನ್ನೂ ಸ್ವಲ್ಪ ಇತ್ತು.
ಮನೆಯಲ್ಲಿ ಗಡಿಯಾರ ಇರಲಿಲ್ಲ.
ಸಾರಿಗೆ ಮುಚ್ಚಳ. ಅನ್ನಕ್ಕೆ ಮುಚ್ಚಳ.
ಕೊಡಕ್ಕೆ ತಟ್ಟೆ, ತಟ್ಟೆಯ ಮೇಲೆ ಗುಂಡುಕಲ್ಲು.
ಮೊಳೆಯಲ್ಲಿದ್ದ ದೇವರ ಪಟ ಇಳಿಸಿ
ಹಾಸಿಗೆಯ ಮೇಲೆ ಬೋರಲು ಮಲಗಿಸಿದಳು.
ಮೊಮ್ಮಗುವಿನ ಎರಡು ಕಿವಿಗೆ ಎರಡು ಅಂಗೈ.
ಕೋಳಿ ತಾನಾಗಿಯೇ ಮಂಕರಿಯೊಳಗೆ ಹೋಯಿತು.
ಆಮೇಲೆ ನಮ್ಮ ಸೈರನ್ನು ಕೂಗಿತು.

ಅವತ್ತು ಗುಂಡಿ ಒತ್ತಿದವನು ಬದಲಿಗೆ ಬಂದ ಚೌಡಪ್ಪ,
ಮದ್ದಿನ ಲೆಕ್ಕ ಬರೆದುಕೊಟ್ಟವನು ನಾನೇ.
ಕ್ವಾರಿಯಲ್ಲಿ ಅದು ನನಗೆ ಬರೀ ಸದ್ದು.
ಇಲ್ಲಿ ಸದ್ದು ಆಮೇಲೆ ಬಂತು.
ಮೊದಲು ನೆಲ ಬಿಕ್ಕಿತು, ಅಂಗಾಲಿನಿಂದ ಹಲ್ಲಿನವರೆಗೆ.
ಸೂರಿನ ಚಪ್ಪಡಿಯ ಸಂದಿಯಿಂದ
(ತಾತ ಸೀಳಿದ ಚಪ್ಪಡಿಯೇ ಇರಬಹುದು)
ಜರಡಿ ಹಿಡಿದ ಹಿಟ್ಟಿನ ಹಾಗೆ ಬಿಳಿ ಧೂಳು,
ಒಂದಿಷ್ಟೂ ಅವಸರವಿಲ್ಲದೆ
ಸಾರಿನ ಮುಚ್ಚಳದ ಮೇಲೆ, ನನ್ನ ಹೆಲ್ಮೆಟ್ಟಿನ ಮೇಲೆ ಕೂತಿತು.
ಬಿರುಕಿಗೆ ತುರುಕಿದ್ದ ಹಳೇ ಸೀರೆಯ ಅಂಚು
ಒಮ್ಮೆ ಅಲ್ಲಾಡಿತು.
ನಾರೆಮ್ಮ ಪಟ ಒರೆಸಿ, ಮೊಳೆಗೆ ಹಾಕಿ,
"ಊಟ ಮಾಡ್ತೀರಾ ಸಾ?" ಅಂದಳು.
ಕೈಯಲ್ಲಿದ್ದ ಮೀಟರನ್ನು ಯಾರೂ ನೋಡಿರಲಿಲ್ಲ.

ಮೂರನೆಯ ದಿನದ ಪಾಠ, 'ಗಣಿ ಮುಚ್ಚುವ ಯೋಜನೆ'.
ಮೊದಲ ತೂತು ಕೊರೆಯುವ ಮುಂಚೆಯೇ
ಕೊನೆಗೆ ಹೇಗೆ ಮುಚ್ಚುತ್ತೀರಿ, ಬರೆದಿಡಬೇಕಂತೆ:
ಮೇಲ್ಮಣ್ಣು ಎಲ್ಲಿ ಕೂಡಿಟ್ಟಿರಿ,
ಹಳ್ಳದಲ್ಲಿ ನಿಲ್ಲುವ ನೀರು ಯಾರದು,
ಬೇಲಿ, ಹೊಂಗೆ ಸಸಿ, ಹಣ.
ನಮ್ಮ ಮ್ಯಾನೇಜರು ಪಕ್ಕದವನ ಪ್ಯಾಡು ನೋಡಿ ಬರೆದರು.
ನನ್ನ ಪೆನ್ನು 'ಮುಚ್ಚು' ಎಂಬಲ್ಲಿ ಮೂರು ಸಲ
'ಮುಚ್ಚಳ' ಎಂದು ಬರೆಯಿತು. ಹೊಡೆದು ಹಾಕಿದೆ.
ಮೇಡಮ್ಮ ನೋಡಿದರು, ತಿದ್ದಲಿಲ್ಲ.

ಈಗ ನಲವತ್ತು ತೂತನ್ನು ಎರಡು ಸಲಕ್ಕೆ ಹಂಚಿದ್ದೇನೆ.
ಮದ್ದು ಕಡಿಮೆ. ತೂತಿಗೂ ತೂತಿಗೂ ನಡುವೆ
ರೆಪ್ಪೆ ಬಡಿಯುವುದಕ್ಕಿಂತ ಸಣ್ಣ ತಡ.
ಟ್ಯಾಂಕರು ನೀರು ಎರಚುತ್ತದೆ, ಡೀಸೆಲ್ ಇದ್ದ ದಿನ.
ಮಾಲೀಕರು ಗೊಣಗುತ್ತಾರೆ.

ಮೊನ್ನೆ ಮೀಟರು ಇಡುವ ನೆವದಲ್ಲಿ
ಒಂದಕ್ಕೆ ಮುಂಚೆ ಗುಂಡ್ಲಪಲ್ಲಿಗೆ ಹೋದೆ.
"ಈಗ ಅಷ್ಟು ಅದುರಲ್ಲ" ಅಂದಳು ನಾರೆಮ್ಮ
ಸಾರಿಗೆ ಮುಚ್ಚಳ ಹಾಕುತ್ತ.
ಕೋಳಿ ಮಂಕರಿಯ ಅಂಚಿನಲ್ಲಿ
ಒಂದು ಕಾಲೆತ್ತಿ ನಿಂತು ಯೋಚಿಸುತ್ತಿತ್ತು.